ಆಪ್ಟ್ ಜೊತೆಗೆ ತರುವ ಪ್ಯಾಕೇಜ್‌ಗಳು: ಯಾವುದು ಇರಲಿ, ಯಾವುದು ಬೇಡ

ನನ್ನ ಫೈಲ್ ಸರ್ವರ್‌ನಲ್ಲಿ ಎರಡು ಡಿಸ್ಕ್ ಇವೆ. ಒಂದರಲ್ಲಿ ಇರುವುದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಇದನ್ನು ರೈಡ್ 1 ಅನ್ನುತ್ತಾರೆ. ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ ಅನ್ನುವ ಧೈರ್ಯದಲ್ಲಿದ್ದೆ. ಒಂದು ದಿನ ಅಪ್‌ಗ್ರೇಡ್ ಮಾಡೋಣ ಅಂತ ಲಾಗಿನ್ ಆದವಳು ಸುಮ್ನೆ /ಪ್ರೋಕ್/ಎಂಡಿಸ್ಟ್ಯಾಟ್ ಫೈಲ್ ತೆಗೆದು ನೋಡಿದೆ. [ಯುಯು] ಅಂತ ಇರಬೇಕಾದ ಕಡೆ [ಯು_] ಅಂತ ಇತ್ತು. ಆ ಅಡಿಗೆರೆಗೆ ಅರ್ಥ ಒಂದೇ: ಒಂದು ಡಿಸ್ಕ್ ಹೋಗಿದೆ. ಕರ್ನಲ್ ಲಾಗ್ ನೋಡಿದೆ. ಹೋಗಿ ಹತ್ತೊಂಬತ್ತು ದಿನ ಆಗಿತ್ತು. ಅಷ್ಟೂ ದಿನ ಎಲ್ಲರ ಫೋಟೊ, ಕಾಗದಪತ್ರ ಎಲ್ಲ ಉಳಿದ ಒಂದೇ ಡಿಸ್ಕಿನ ಮೇಲೆ ನಿಂತಿತ್ತು.

ಡಿಸ್ಕ್ ಕೆಟ್ಟರೆ ರೈಡ್ ನೋಡಿಕೊಳ್ಳುವ ಎಂಡಿಎಡಿಎಂ ಒಂದು ಮೇಲ್ ಕಳಿಸಬೇಕಿತ್ತು. ಕಳಿಸಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋಗಿ /ವಾರ್/ಲಾಗ್/ಆಪ್ಟ್ ಫೋಲ್ಡರ್‌ಗೆ ಬಂದೆ. ಆಪ್ಟ್ ಅಂದರೆ ಡೆಬಿಯನ್, ಉಬುಂಟು ಥರದ ಲಿನಕ್ಸ್‌ಗಳಲ್ಲಿ ಪ್ಯಾಕೇಜ್‌ಗಳನ್ನು, ಅಂದರೆ ಸಾಫ್ಟ್‌ವೇರ್ ಕಟ್ಟುಗಳನ್ನು, ಹಾಕುವ ಮತ್ತು ತೆಗೆಯುವ ಪ್ರೋಗ್ರಾಮ್. ಅದು ಮಾಡಿದ ಪ್ರತಿ ಕೆಲಸವೂ ಅಲ್ಲಿನ ಹಿಸ್ಟರಿ.ಲಾಗ್‌ನಲ್ಲಿ ಇರುತ್ತದೆ. ತಿಂಗಳಿಗೊಂದು ಹಳೆಯ ಪ್ರತಿ ಜಿಝಿಪ್‌ನಲ್ಲಿ ಕುಗ್ಗಿ ಪಕ್ಕದಲ್ಲೇ ಕೂರುತ್ತದೆ, ಹನ್ನೆರಡರವರೆಗೆ. ಎಂಟನೆಯದರಲ್ಲಿ ಉತ್ತರ ಸಿಕ್ಕಿತು. ಎಂಟು ತಿಂಗಳ ಹಿಂದೆ ನಾನೇ ಎಕ್ಸಿಮ್4 ಎಂಬ ಮೇಲ್ ಸರ್ವರ್ ಅನ್ನು ಪರ್ಜ್ ಮಾಡಿದ್ದೆ, ಅಂದರೆ ಕಾನ್ಫಿಗ್ ಸಮೇತ ತೆಗೆದಿದ್ದೆ. 'ಫೈಲ್ ಇಡುವ ಮಷೀನಿಗೆ ಮೇಲ್ ಸರ್ವರ್ ಯಾಕೆ' ಅಂದುಕೊಂಡು, ಯಾರು ತಂದರು ಅಂತ ಕೇಳದೆ ಕಿತ್ತು ಹಾಕಿದ್ದೆ. ಅದನ್ನು ತಂದದ್ದು ಎಂಡಿಎಡಿಎಂ. ಮೇಲ್ ಕಳಿಸಲಿಕ್ಕೇ ತಂದಿತ್ತು.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಹಾಕುವಾಗ ಪಟ್ಟಿ ಓದುತ್ತೇನೆ, ತೆಗೆಯುವಾಗ ಯಾಕೆ ಬಂತು ಅಂತ ಕೇಳುತ್ತೇನೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ನನ್ನ ಮಷೀನುಗಳು ಡೆಬಿಯನ್ ಮತ್ತು ಉಬುಂಟು, ಹಾಗಾಗಿ ಮಾತೆಲ್ಲ ಹೆಚ್ಚಾಗಿ ಆಪ್ಟ್ ಬಗ್ಗೆ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಏನನ್ನಾದರೂ ಹಾಕುವ ಅಥವಾ ತೆಗೆಯುವ ಕಮಾಂಡ್ ಆದರೆ ಮುಂದೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅನ್ನುವ ಪದ) ಬೇಕು.

ಮೂರು ಥರದ ನಂಟು

ಯಾವುದೇ ಪ್ಯಾಕೇಜ್ ಹಾಕುವ ಮೊದಲು ಒಮ್ಮೆ ಇದನ್ನು ಕೊಟ್ಟು ನೋಡಿ:

ಆಪ್ಟ್ ಶೋ ಎಂಡಿಎಡಿಎಂ

ಬರುವ ಮಾಹಿತಿಯಲ್ಲಿ ಡಿಪೆಂಡ್ಸ್, ರೆಕಮೆಂಡ್ಸ್, ಸಜೆಸ್ಟ್ಸ್ ಅನ್ನುವ ಸಾಲುಗಳನ್ನು ಹುಡುಕಿ. ಎಲ್ಲ ಪ್ಯಾಕೇಜ್‌ಗೂ ಮೂರೂ ಇರುವುದಿಲ್ಲ.

ಡಿಪೆಂಡ್ಸ್ ಸಾಲಿನಲ್ಲಿ ಇರುವುದು ಇಲ್ಲದೆ ಪ್ಯಾಕೇಜ್ ನಡೆಯುವುದಿಲ್ಲ. ಅಲ್ಲಿ ಚೌಕಾಸಿ ಇಲ್ಲ. ಸಜೆಸ್ಟ್ಸ್ ಅಂದರೆ 'ಬೇಕಿದ್ದರೆ ಇದನ್ನೂ ನೋಡಿ' ಅಂತ. ಅದನ್ನು ಆಪ್ಟ್ ತಾನಾಗಿ ಹಾಕುವುದಿಲ್ಲ, ಹೆಸರು ಮಾತ್ರ ಹೇಳುತ್ತದೆ. ಇವೆರಡರಲ್ಲಿ ಗೊಂದಲ ಏನೂ ಇಲ್ಲ.

ತಲೆನೋವು ಇರುವುದು ರೆಕಮೆಂಡ್ಸ್‌ನಲ್ಲಿ. ಡೆಬಿಯನ್ ನಿಯಮಾವಳಿ ಪ್ರಕಾರ, ತೀರಾ ಅಪರೂಪದ ಸಂದರ್ಭ ಬಿಟ್ಟು ಉಳಿದೆಲ್ಲ ಕಡೆ ಜೊತೆಗೆ ಇರಬೇಕಾದದ್ದನ್ನು ಇಲ್ಲಿ ಬರೆಯುತ್ತಾರೆ. ಇಲ್ಲದಿದ್ದರೂ ಪ್ಯಾಕೇಜ್ ಓಡುತ್ತದೆ. ಆದರೆ ಯಾವುದೋ ಒಂದು ಕೆಲಸ ನಿಂತಿರುತ್ತದೆ. 2009ರಲ್ಲಿ ಬಂದ ಡೆಬಿಯನ್ 5.0 ಲೆನ್ನಿಯಿಂದ ಆಪ್ಟ್ ಇವನ್ನೂ ಡೀಫಾಲ್ಟ್ ಆಗಿ ಹಾಕುತ್ತಾ ಬಂದಿದೆ. ಒಂದು ಕೇಳಿದರೆ ಹದಿನೈದು ಬರುವುದಕ್ಕೆ ಮುಖ್ಯ ಕಾರಣ ಇದು.

ನನಗೆ ಏಟು ಬಿದ್ದದ್ದೂ ಇಲ್ಲೇ. ಡಿಪೆಂಡ್ಸ್‌ನಲ್ಲಿ ಇರುವುದನ್ನು ಕಿತ್ತರೆ ಅದನ್ನು ನಂಬಿದ ಪ್ಯಾಕೇಜ್ ಕೂಡ ಹೋಗುತ್ತದೆ, ಆಪ್ಟ್ ಅದನ್ನು ಮೊದಲೇ ತೋರಿಸುತ್ತದೆ. ರೆಕಮೆಂಡ್ಸ್‌ನಲ್ಲಿ ಇರುವುದನ್ನು ಕಿತ್ತರೆ ಆಪ್ಟ್ ಒಂದು ಮಾತೂ ಆಡುವುದಿಲ್ಲ. ಎಂಡಿಎಡಿಎಂ ಹಾಗೇ ಉಳಿಯಿತು, ರೈಡ್ ಓಡುತ್ತಲೇ ಇತ್ತು, ಬಾಯಿ ಮಾತ್ರ ಹೋಗಿತ್ತು. ಆಮೇಲೆ ಎಷ್ಟು ಸಲ ಅಪ್‌ಗ್ರೇಡ್ ಮಾಡಿದರೂ, ನೀವು ಕೈಯಾರೆ ತೆಗೆದ ರೆಕಮೆಂಡ್ಸ್ ವಾಪಸ್ ಬರುವುದಿಲ್ಲ.

ಎಂಡಿಎಡಿಎಂನ ಆ ಸಾಲು ಹೀಗಿತ್ತು:

ಡೀಫಾಲ್ಟ್-ಎಂಟಿಎ | ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್

ನಡುವಿನ ಉದ್ದ ಗೆರೆಗೆ 'ಅಥವಾ' ಅಂತ ಅರ್ಥ. ಇವೆರಡೂ ನಿಜವಾದ ಪ್ಯಾಕೇಜ್‌ಗಳಲ್ಲ, ಬರೀ ಹೆಸರುಗಳು. ಬೇರೆ ಪ್ಯಾಕೇಜ್‌ಗಳು ತಮ್ಮ ಪ್ರೊವೈಡ್ಸ್ ಸಾಲಿನಲ್ಲಿ 'ಈ ಕೆಲಸ ನಾನು ಮಾಡುತ್ತೇನೆ' ಅಂತ ಈ ಹೆಸರು ಬರೆದುಕೊಂಡಿರುತ್ತವೆ. ಡೆಬಿಯನ್‌ನಲ್ಲಿ ಮೊದಲ ಹೆಸರನ್ನು ಎಕ್ಸಿಮ್ ಹೊತ್ತಿದೆ, ಉಬುಂಟುವಿನಲ್ಲಿ ಪೋಸ್ಟ್‌ಫಿಕ್ಸ್. ಅಂದರೆ ಎಂಡಿಎಡಿಎಂಗೆ ಎಕ್ಸಿಮ್ಮೇ ಬೇಕು ಅಂತಿಲ್ಲ. ಮೇಲ್ ಕಳಿಸುವವರು ಯಾರಾದರೊಬ್ಬರು ಇದ್ದರೆ ಸಾಕು. ಇದು ಮೊದಲೇ ಗೊತ್ತಿದ್ದರೆ ನಾನು ಎಕ್ಸಿಮ್ ಕಿತ್ತು ಸುಮ್ಮನಾಗುತ್ತಿರಲಿಲ್ಲ. ಅದರ ಜಾಗಕ್ಕೆ ಎಂಎಸ್‌ಎಂಟಿಪಿ-ಎಂಟಿಎ ಎಂಬ ಪುಟ್ಟ ಪ್ಯಾಕೇಜ್ ಹಾಕುತ್ತಿದ್ದೆ. ಅದು ಬಂದ ಮೇಲನ್ನು ನಿಮ್ಮ ಮೇಲ್ ಖಾತೆಯ ಸರ್ವರಿಗೆ ದಾಟಿಸಿ ಮುಗಿಸುತ್ತದೆ.

ಭಾರ ಅನಿಸುವ ಪ್ಯಾಕೇಜ್ ಕಂಡಾಗ ನಾನು ಈಗ ಮೊದಲು ನೋಡುವುದು ಈ ಉದ್ದ ಗೆರೆ ಇದೆಯಾ ಅಂತ. ಇದ್ದರೆ ನಿಮಗೆ ಹಿಡಿಸುವುದನ್ನು ಮೊದಲು ಹಾಕಿ, ಆಮೇಲೆ ದೊಡ್ಡದನ್ನು ಹಾಕಿ. ಆಪ್ಟ್ ಜೊತೆಗೆ ಇನ್ನೊಂದನ್ನು ತರುವುದಿಲ್ಲ.

ವೈ ಒತ್ತಲಾ?

ನನ್ನ ತಮ್ಮ ಲಿನಕ್ಸ್‌ಗೆ ಹೊಸಬ. ಏನು ಹಾಕುವಾಗಲೂ, ಪಟ್ಟಿ ತೋರಿಸಿ 'ಮುಂದುವರಿಯಲಾ, ವೈ ಅಥವಾ ಎನ್ ಒತ್ತು' ಅಂತ ಆಪ್ಟ್ ಕೇಳಿದ ಕೂಡಲೇ ಫೋನ್ ಮಾಡುತ್ತಾನೆ.

"ಅಕ್ಕಾ, ವೈ ಒತ್ತಲಾ?"

"ತಡಿಯೋ. ರಿಮೂವ್ಡ್ ಅಂತ ಏನಾದ್ರೂ ಇದೆಯಾ ನೋಡು."

"ಅದು ಎಲ್ಲಿರತ್ತೆ?"

"ಕೊನೆಯಿಂದ ಮೇಲಕ್ಕೆ ಓದು."

ಕೊನೆಯಿಂದ ಮೇಲಕ್ಕೆ ಓದುವುದೇ ಒಳ್ಳೆಯದು. ಪ್ರಶ್ನೆ ಕೇಳುವ ಮುಂಚೆ ಆಪ್ಟ್ ಎಷ್ಟು ಡೌನ್‌ಲೋಡ್, ಡಿಸ್ಕಿನಲ್ಲಿ ಎಷ್ಟು ಜಾಗ ಅಂತ ಹೇಳುತ್ತದೆ. ಅದರ ಮೇಲೆ ಎಷ್ಟು ಅಪ್‌ಗ್ರೇಡ್, ಎಷ್ಟು ಹೊಸದು, ಎಷ್ಟು ತೆಗೆಯುವುದು ಅನ್ನುವ ಲೆಕ್ಕದ ಸಾಲು. ತೆಗೆಯುವ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಕೈ ಹಿಂದೆ ತಗೊಳ್ಳಿ. ಮೇಲೆ ಹೋಗಿ ಯಾವುದು ಹೋಗುತ್ತಿದೆ ಅಂತ ಒಂದೊಂದೇ ಹೆಸರು ಓದಿ. ಹೊಸದನ್ನು ಹಾಕಲು ಹೋದರೆ ಹಳೆಯದು ಹೋಗುವುದು ಉಂಟು, ಎರಡರ ನಡುವೆ ಕಾನ್‌ಫ್ಲಿಕ್ಟ್ಸ್ ಇದ್ದಾಗ, ಅಂದರೆ ಎರಡೂ ಒಟ್ಟಿಗೆ ಇರಬಾರದು ಅಂತಿದ್ದಾಗ.

ಇದು ಅತಿ ಎಚ್ಚರಿಕೆ ಅನಿಸಬಹುದು. 2021ರಲ್ಲಿ ಹೆಸರುವಾಸಿ ಯೂಟ್ಯೂಬರ್ ಒಬ್ಬರು ಉಬುಂಟು ಮೂಲದ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ಆ್ಯಪ್ ಹಾಕಲು ಹೋಗಿ ಇಡೀ ಡೆಸ್ಕ್‌ಟಾಪ್ ಕಳೆದುಕೊಂಡರು. ಆಪ್ಟ್ ಎಚ್ಚರಿಸಿತ್ತು. ಮುಂದುವರಿಯಬೇಕಾದರೆ 'ಹೌದು, ನಾನು ಹೇಳಿದಂತೆ ಮಾಡು' ಅನ್ನುವ ಅರ್ಥದ ಪೂರ್ತಿ ವಾಕ್ಯ ಟೈಪ್ ಮಾಡಬೇಕು ಅಂತಲೂ ಕೇಳಿತ್ತು. ಅವರು ಟೈಪ್ ಮಾಡಿದರು. ತಪ್ಪು ಅವರೊಬ್ಬರದ್ದು ಅಂತ ನಾನು ಹೇಳಲಾರೆ. ನೂರು ಹೆಸರುಗಳ ಗೋಡೆಯಲ್ಲಿ ಒಂದು ಎಚ್ಚರಿಕೆ ಕಾಣುವುದು ಕಷ್ಟ. ಅದಾದ ಮೇಲೆ ಆಪ್ಟ್ ಬರೆಯುವವರು ಆ ದಾರಿಯನ್ನು ಬಿಗಿ ಮಾಡಿದರು. ಈಗ ಸಿಸ್ಟಮ್‌ಗೆ ಅತ್ಯಗತ್ಯವಾದ ಪ್ಯಾಕೇಜ್‌ಗಳನ್ನು ಬರೀ ಒಂದು ವಾಕ್ಯ ಹೊಡೆದು ತೆಗೆಯಲು ಆಗುವುದಿಲ್ಲ.

ಏನಾಗುತ್ತದೆ ಅಂತ ನೋಡಬೇಕು, ಆದರೆ ಏನೂ ಆಗಬಾರದು ಅಂದರೆ ಸಿಮ್ಯುಲೇಟ್ ಇದೆ:

ಆಪ್ಟ್ ಇನ್‌ಸ್ಟಾಲ್ --ಸಿಮ್ಯುಲೇಟ್ ಎಂಡಿಎಡಿಎಂ

ಇದಕ್ಕೆ ಸುಡೊ ಕೂಡ ಬೇಡ. ಕಾಗದದ ಮೇಲೆ ಮಾತ್ರ ಕೆಲಸ ಮಾಡಿ ತೋರಿಸುತ್ತದೆ. ಅದೇ ಕಮಾಂಡ್‌ಗೆ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಅಂತ ಸೇರಿಸಿ ಇನ್ನೊಮ್ಮೆ ಓಡಿಸಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ನೀವು ಯೋಚಿಸಬೇಕಾದ ಭಾಗ. ಹೆಚ್ಚಿನ ಸಲ ಅದು ಐದಾರು ಹೆಸರು. ಅಷ್ಟನ್ನು ಓದಲು ಎರಡು ನಿಮಿಷ ಸಾಕು.

ರೆಕಮೆಂಡ್ಸ್ ಪೂರ್ತಿ ಬಂದ್ ಮಾಡಬಹುದಾ?

ಮಾಡಬಹುದು. /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಈ ಸಾಲು ಬರೆದರೆ ಆಯಿತು. ಆಪ್ಟ್ ಪದದ ಮೂರೂ ಅಕ್ಷರ, ಐ ಮತ್ತು ಆರ್ ದೊಡ್ಡಕ್ಷರ:

ಆಪ್ಟ್::ಇನ್‌ಸ್ಟಾಲ್-ರೆಕಮೆಂಡ್ಸ್ "ಫಾಲ್ಸ್";

ನಾನು ಒಂದು ಕಾಲದಲ್ಲಿ ಎಲ್ಲ ಮಷೀನಿನಲ್ಲೂ ಹೀಗೆ ಮಾಡಿದ್ದೆ. ಈಗ ತೆಗೆದಿದ್ದೇನೆ. ಡೆಸ್ಕ್‌ಟಾಪ್‌ನಲ್ಲಿ ಇದನ್ನು ಮಾಡಲೇಬೇಡಿ ಅಂತ ಹೇಳುತ್ತೇನೆ. ಫೈಲ್ ತೆರೆದರೆ ತೆರೆಯಲ್ಲ, ಪ್ರಿಂಟರ್ ಕಾಣಲ್ಲ, ಥಂಬ್‌ನೇಲ್ ಬರಲ್ಲ, ಯಾಕೆ ಅಂತ ಎಲ್ಲೂ ಎರರ್ ಇರುವುದಿಲ್ಲ. ಒಂದೊಂದಕ್ಕೂ ಅರ್ಧ ದಿನ ಹುಡುಕಬೇಕು.

ಒಂದು ಸಣ್ಣ ಉದಾಹರಣೆ ನೋಡಿ. ಕಂಟೇನರ್ ಇಮೇಜ್ (ಒಂದು ಪ್ರೋಗ್ರಾಮ್ ಓಡಲು ಬೇಕಾದಷ್ಟನ್ನೇ ತುಂಬಿದ ಪುಟ್ಟ ಸಿಸ್ಟಮ್) ಕಟ್ಟುವಾಗ ಜಾಗ ಉಳಿಸಲು ಎಲ್ಲರೂ ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಹಾಕುತ್ತಾರೆ. ಅಲ್ಲಿ ಅದು ಸರಿಯೇ. ಆದರೆ ಹಾಗೆ ವೆಬ್ ವಿಳಾಸದಿಂದ ಫೈಲ್ ತರುವ ಕರ್ಲ್ ಮಾತ್ರ ಹಾಕಿ ಎಚ್‌ಟಿಟಿಪಿಎಸ್ ವಿಳಾಸ ತೆರೆಯಿರಿ. ಸರ್ಟಿಫಿಕೇಟ್ ಪರಿಶೀಲಿಸಲು ಆಗುತ್ತಿಲ್ಲ ಅಂತ ಬರುತ್ತದೆ. ನಂಬಬಹುದಾದ ಸರ್ಟಿಫಿಕೇಟ್‌ಗಳ ಕಟ್ಟು ಸಿಎ-ಸರ್ಟಿಫಿಕೇಟ್ಸ್ ಎಂಬ ಬೇರೆ ಪ್ಯಾಕೇಜ್‌ನಲ್ಲಿದೆ, ಕರ್ಲ್‌ನ ಲೈಬ್ರರಿ ಅದನ್ನು ಬರೀ ರೆಕಮೆಂಡ್ ಮಾಡುತ್ತದೆ. ಆಗ ಕೆಲವರು ಪರಿಶೀಲನೆಯನ್ನೇ ಆಫ್ ಮಾಡಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪ್ಯಾಕೇಜ್ ಹೆಸರನ್ನು ಕರ್ಲ್ ಪಕ್ಕದಲ್ಲಿ ಬರೆದರೆ ಮುಗಿಯಿತು.

ಹಾಗಾಗಿ ನನ್ನ ಪದ್ಧತಿ ಇದು: ಡೆಸ್ಕ್‌ಟಾಪ್‌ನಲ್ಲಿ ಡೀಫಾಲ್ಟ್ ಹಾಗೇ ಇರಲಿ. ಸರ್ವರ್‌ನಲ್ಲಿ ಒಂದೊಂದು ಪ್ಯಾಕೇಜ್‌ಗೆ ಆಗಿಂದಾಗ್ಗೆ ತೀರ್ಮಾನ. ಕಂಟೇನರ್‌ನಲ್ಲಿ ರೆಕಮೆಂಡ್ಸ್ ಬೇಡ, ಬೇಕಾದದ್ದನ್ನು ಹೆಸರು ಹಿಡಿದು ಕರೆಯುವುದು.

ಹೊಸದಾಗಿ ಡೆಬಿಯನ್ ಹಾಕುವಾಗಲೇ ಹಗುರ ಇರಬೇಕು ಅಂದರೆ ಇನ್‌ಸ್ಟಾಲರ್‌ನ ಸಾಫ್ಟ್‌ವೇರ್ ಆಯ್ಕೆಯ ಪುಟದಲ್ಲಿ ಆತುರ ಪಡಬೇಡಿ. ಡೆಸ್ಕ್‌ಟಾಪ್ ಮೇಲಿನ ಗುರುತುಗಳನ್ನು ಸ್ಪೇಸ್ ಕೀಲಿಯಿಂದ ತೆಗೆಯಿರಿ. ಸರ್ವರ್‌ಗೆ ಎಸ್‌ಎಸ್‌ಎಚ್ ಸರ್ವರ್, ಸ್ಟ್ಯಾಂಡರ್ಡ್ ಯುಟಿಲಿಟೀಸ್ ಎರಡೇ ಸಾಕು. ಆಮೇಲೆ ಒಂದೊಂದೇ ಕಿತ್ತು ಸವೆಸುವುದಕ್ಕಿಂತ ಇದು ಎಷ್ಟೋ ಸುಲಭ.

ತೆಗೆಯುವುದು

ಇಲ್ಲೇ ಜಾಸ್ತಿ ಜನ ಎಡವುವುದು. ಗೊತ್ತಿಲ್ಲದ ಹೆಸರು ಕಂಡರೆ ಮೊದಲು ಕೇಳಬೇಕಾದದ್ದು 'ಇದು ಯಾಕೆ ಬಂತು' ಅಂತ. ಅದಕ್ಕಾಗಿಯೇ ನಾನು ಆಪ್ಟ್ ಥರದ್ದೇ ಇನ್ನೊಂದು ಪ್ರೋಗ್ರಾಮ್ ಆಪ್ಟಿಟ್ಯೂಡ್ ಹಾಕಿಕೊಂಡಿದ್ದೇನೆ:

ಆಪ್ಟಿಟ್ಯೂಡ್ ವೈ ಎಕ್ಸಿಮ್4-ಬೇಸ್

ಈ 'ವೈ' ಅಂದರೆ 'ಯಾಕೆ' ಅನ್ನುವ ಇಂಗ್ಲಿಷ್ ಪದ, ಡಬ್ಲ್ಯೂ-ಎಚ್-ವೈ. ಉತ್ತರವಾಗಿ ಒಂದು ಸರಪಳಿ ಬರುತ್ತದೆ: ನೀವು ಹಾಕಿದ ಪ್ಯಾಕೇಜ್ ಯಾವುದು, ಅದು ಯಾವ ನಂಟಿನಿಂದ ಮುಂದಿನದನ್ನು ಕರೆಯಿತು, ಅಲ್ಲಿಂದ ಮುಂದಕ್ಕೆ ಯಾರು. ಸಾಲಿನ ಮೊದಲಲ್ಲಿ ಐ ಅಂದರೆ ಇನ್‌ಸ್ಟಾಲ್ ಆಗಿದೆ. ಪಕ್ಕದಲ್ಲಿ ಎ ಇದ್ದರೆ ತಾನಾಗಿ ಬಂದದ್ದು. ಆವತ್ತು ಈ ಒಂದು ಕಮಾಂಡ್ ಕೊಟ್ಟಿದ್ದರೆ ಸರಪಳಿಯ ತುದಿಯಲ್ಲಿ ಎಂಡಿಎಡಿಎಂ ಹೆಸರು ನನ್ನ ಕಣ್ಣಿಗೆ ಬೀಳುತ್ತಿತ್ತು. ಆಪ್ಟಿಟ್ಯೂಡ್ ಬೇಡ ಅನ್ನುವವರಿಗೆ ಇದು:

ಆಪ್ಟ್ ಆರ್‌ಡಿಪೆಂಡ್ಸ್ --ಇನ್‌ಸ್ಟಾಲ್ಡ್ ಎಕ್ಸಿಮ್4-ಬೇಸ್

ಇದು ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ತೋರಿಸುತ್ತದೆ. ಸರಪಳಿಯನ್ನು ನೀವೇ ಹಿಡಿದು ಹೋಗಬೇಕು.

ಇನ್ನು ಆಟೋರಿಮೂವ್. ನೀವು ಹೆಸರು ಹೇಳಿ ಹಾಕಿದ್ದು ಯಾವುದು, ಜೊತೆಗೆ ಬಂದದ್ದು ಯಾವುದು ಅಂತ ಆಪ್ಟ್ ಗುರುತು ಇಟ್ಟುಕೊಂಡಿರುತ್ತದೆ. ಜೊತೆಗೆ ಬಂದದ್ದಕ್ಕೆ ಈಗ ಯಾರೂ ದಿಕ್ಕಿಲ್ಲ ಅಂತಾದರೆ ಆಟೋರಿಮೂವ್ ಅದನ್ನು ತೆಗೆಯುತ್ತದೆ. ಯಾರಾದರೂ ರೆಕಮೆಂಡ್ ಅಥವಾ ಸಜೆಸ್ಟ್ ಮಾಡುತ್ತಿದ್ದರೂ ಡೀಫಾಲ್ಟ್ ಆಗಿ ಉಳಿಸಿಕೊಳ್ಳುತ್ತದೆ. 'ಬೇಡದ್ದು ಇಷ್ಟಿದೆ, ಆಟೋರಿಮೂವ್ ಏನೂ ತೆಗೀತಿಲ್ಲ' ಅಂತ ಕೇಳುವವರಿಗೆ ಉತ್ತರ ಇದೇ.

ಪಟ್ಟಿಯಲ್ಲಿ ನಿಮಗೆ ಬೇಕಾದ ಹೆಸರು ಕಂಡರೆ ಎನ್ ಒತ್ತಿ ಹೊರಗೆ ಬನ್ನಿ. ಆಮೇಲೆ ಆಪ್ಟ್-ಮಾರ್ಕ್ ಮ್ಯಾನ್ಯುಅಲ್ ಅಂತ ಬರೆದು ಆ ಹೆಸರು ಕೊಡಿ. ಇನ್ನು ಮುಂದೆ ಅದು ನೀವೇ ಕೇಳಿ ಹಾಕಿದ ಲೆಕ್ಕ. ಆಟೋರಿಮೂವ್ ಅದರ ಗೊಡವೆಗೆ ಹೋಗುವುದಿಲ್ಲ.

ಡೆಸ್ಕ್‌ಟಾಪ್ ಜೊತೆ ಬಂದ ಯಾವುದೋ ಒಂದು ಆ್ಯಪ್ ತೆಗೆಯಲು ಹೋದರೆ 'ಗ್ನೋಮ್' ಎಂಬ ಪ್ಯಾಕೇಜ್ ಕೂಡ ಹೋಗುತ್ತದೆ ಅಂತ ಹೇಳಬಹುದು. ತಮ್ಮ ಇದನ್ನು ನೋಡಿ ಗಾಬರಿಯಾಗಿದ್ದ. ಅದು ಮೆಟಾಪ್ಯಾಕೇಜ್. ಒಳಗೆ ಪ್ರೋಗ್ರಾಮ್ ಏನೂ ಇಲ್ಲ, ಬರೀ ಡಿಪೆಂಡ್ಸ್ ಪಟ್ಟಿ. ಅದೊಂದೇ ಹೋದರೆ ಡೆಸ್ಕ್‌ಟಾಪ್ ಎಲ್ಲೂ ಹೋಗುವುದಿಲ್ಲ. ಆದರೆ ಮುಂದಿನ ಆವೃತ್ತಿಗೆ ಅಪ್‌ಗ್ರೇಡ್ ಆಗುವಾಗ ಆ ಪಟ್ಟಿಗೆ ಹೊಸದಾಗಿ ಸೇರಿದ ಭಾಗಗಳು ನಿಮಗೆ ತಾನಾಗಿ ಬರುವುದಿಲ್ಲ. ಒಂದು ಆ್ಯಪ್‌ನ ಜಾಗ ಉಳಿಸಲು ಇದು ಬೇಕಾ ಅಂತ ನೀವೇ ನೋಡಿ. ನಾನಾದರೆ ಐಕಾನ್ ಮರೆಮಾಡಿ ಸುಮ್ಮನಾಗುತ್ತೇನೆ.

ಹೊರಗಿನಿಂದ ತಂದ ಡೆಬ್ ಫೈಲ್

ತಮ್ಮನ ಇನ್ನೊಂದು ಫೋನ್. ಉಬುಂಟು 22.04ರಲ್ಲಿ ಯಾವುದೋ ಪ್ರೋಗ್ರಾಮಿನ ಹಳೆಯ ಡೆಬ್ ಫೈಲ್ (ಒಂದು ಪ್ಯಾಕೇಜ್ ಇಡೀ ಇರುವ ಫೈಲ್) ಹಾಕಲು ಹೋಗಿದ್ದ. ಲಿಬ್‌ಎಸ್‌ಎಸ್‌ಎಲ್1.1 ಬೇಕು, ಆದರೆ ಅದು ಸಿಗುವುದಿಲ್ಲ ಅಂತ ಆಪ್ಟ್ ಹೇಳಿತು. ಅದು ಎನ್‌ಕ್ರಿಪ್ಷನ್ ಮಾಡುವ ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ. 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಬಂದು, 1.1 ಪೂರ್ತಿ ಹೋಗಿತ್ತು. ಹೆಸರಿನಲ್ಲಿರುವ ಆ ಸಂಖ್ಯೆ ಅಲಂಕಾರಕ್ಕಲ್ಲ. 1.1ಕ್ಕಾಗಿ ಕಟ್ಟಿದ ಪ್ರೋಗ್ರಾಮ್ 3ರ ಜೊತೆ ಮಾತಾಡಲಾರದು ಅಂತ ಅದು ಹೇಳುತ್ತದೆ. ಹೊಸ ಫೈಲಿಗೆ ಹಳೆಯ ಹೆಸರಿನ ಲಿಂಕ್ ಕೊಟ್ಟು ಏಮಾರಿಸಲು ನೋಡಬೇಡಿ.

ಅವನು ಹಳೆಯ ಉಬುಂಟುವಿನಿಂದ ಆ ಲೈಬ್ರರಿಯ ಡೆಬ್ ತಂದು ಹಾಕಲು ತಯಾರಾಗಿದ್ದ. ಹಾಕಿದರೆ ಪ್ರೋಗ್ರಾಮ್ ಓಡುತ್ತಿತ್ತು. ಆದರೆ ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಅದನ್ನು ಬರೆಯುವವರು 2023ರ ಸೆಪ್ಟೆಂಬರ್ 11ಕ್ಕೆ ಸಾರ್ವಜನಿಕ ಬೆಂಬಲ ನಿಲ್ಲಿಸಿದ್ದಾರೆ. ಕೈಯಾರೆ ತಂದ ಪ್ಯಾಕೇಜ್‌ಗೆ 22.04ರ ಕಡೆಯಿಂದಲೂ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಗುಟ್ಟು ಕಾಯುವ ಲೈಬ್ರರಿಯಲ್ಲೇ ತೂತು ಉಳಿಯುತ್ತದೆ ಅಂದಮೇಲೆ ಯಾಕೆ ಬೇಕು, ಅಲ್ವಾ? ಆ ಪ್ರೋಗ್ರಾಮಿನ ಹೊಸ ಆವೃತ್ತಿ ಹುಡುಕಿದೆವು. ಇತ್ತು. ಇರದಿದ್ದರೆ ಫ್ಲ್ಯಾಟ್‌ಪ್ಯಾಕ್ ನೋಡುತ್ತಿದ್ದೆ. ಅದರಲ್ಲಿ ಪ್ರೋಗ್ರಾಮ್ ತನ್ನ ಲೈಬ್ರರಿಗಳನ್ನು ಬೇರೆ ರನ್‌ಟೈಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಸಿಸ್ಟಮ್‌ನದ್ದನ್ನು ಮುಟ್ಟುವುದಿಲ್ಲ. ಜಾಗ ಜಾಸ್ತಿ ತಿನ್ನುತ್ತದೆ, ನಿಜ.

ಡೆಬ್ ಫೈಲ್ ಹಾಕಲೇಬೇಕಾದರೆ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ ನೇರ ಕೊಡಬೇಡಿ. ಅದು ಡಿಪೆಂಡ್ಸ್ ತಂದುಕೊಡುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಆಪ್ಟ್ ಇನ್‌ಸ್ಟಾಲ್ ಅಂತ ಬರೆದು, ಫೈಲ್ ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಓರೆಗೆರೆ (./) ಹಾಕಿ. ಬೇಕಾದದ್ದನ್ನು ರೆಪೊದಿಂದ (ಡಿಸ್ಟ್ರೊದವರ ಪ್ಯಾಕೇಜ್ ಭಂಡಾರದಿಂದ) ಅದೇ ತರುತ್ತದೆ.

ಬೇರೆ ಡಿಸ್ಟ್ರೊಗಳಲ್ಲಿ (ಲಿನಕ್ಸ್‌ನ ಬೇರೆ ಬಗೆಗಳಲ್ಲಿ)

ಫೆಡೋರಾದಲ್ಲಿ ರೆಕಮೆಂಡ್ಸ್ ಥರದ ನಂಟಿಗೆ ವೀಕ್ ಡಿಪೆಂಡೆನ್ಸಿ ಅನ್ನುತ್ತಾರೆ. ಅಲ್ಲಿನ ಪ್ಯಾಕೇಜ್ ವ್ಯವಸ್ಥೆಯಾದ ಆರ್‌ಪಿಎಂನಲ್ಲಿ, 2014ರ 4.12 ಆವೃತ್ತಿಯಲ್ಲಿ ಬಂತು. ಬೇಡ ಅಂದರೆ ಆಪ್ಟ್ ಮಾಡುವ ಕೆಲಸವನ್ನು ಅಲ್ಲಿ ಮಾಡುವ ಡಿಎನ್‌ಎಫ್‌ನ ಕಾನ್ಫಿಗ್ ಫೈಲಿನಲ್ಲಿ ಇನ್‌ಸ್ಟಾಲ್_ವೀಕ್_ಡೆಪ್ಸ್ ಅನ್ನು ಫಾಲ್ಸ್ ಮಾಡಬೇಕು. ಅಲ್ಲಿ ರಿಮೂವ್ ಕೊಟ್ಟರೆ ಜೊತೆಗೆ ಬಂದವೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಪಟ್ಟಿ ಇನ್ನೂ ಗಮನ ಇಟ್ಟು ಓದಿ. ಡಿಎನ್‌ಎಫ್ ಹಿಸ್ಟರಿ ಅನ್‌ಡೂ ಅಂತ ಒಂದು ಸೌಲಭ್ಯ ಇದೆ. ಅದು ತುಂಬಾ ಉಪಕಾರಿ, ಮಾಡಿದ ಕೆಲಸವನ್ನು ಸಂಖ್ಯೆ ಹಿಡಿದು ಹಿಂದಕ್ಕೆ ತರುತ್ತದೆ. ಓಪನ್‌ಸುಸೆಯ ಝಿಪ್ಪರ್‌ಗೆ --ನೋ-ರೆಕಮೆಂಡ್ಸ್ ಕೊಡಬಹುದು.

ಆರ್ಚ್‌ನ ಪ್ಯಾಕ್‌ಮ್ಯಾನ್ ಇದಕ್ಕೆ ಉಲ್ಟಾ. ಆಪ್ಷನಲ್ ಪ್ಯಾಕೇಜ್‌ಗಳ ಹೆಸರನ್ನೂ, ಯಾವುದಕ್ಕೆ ಬೇಕು ಅನ್ನುವುದನ್ನೂ ತೋರಿಸುತ್ತದೆ, ಒಂದನ್ನೂ ಹಾಕುವುದಿಲ್ಲ. ಕಾರಣ ಬರೆದಿರುತ್ತಾರಲ್ಲ, ಆಪ್ಟ್‌ನಲ್ಲೂ ಅದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಕಾರಣ ಬರೆದಿಡುವ ಫೈಲ್

ಆಪ್ಟ್ ಹೇಳದ ಆ ಕಾರಣವನ್ನು ಈಗ ನಾನೇ ಬರೆದಿಡುತ್ತೇನೆ. ಆಪ್ಟ್-ಮಾರ್ಕ್ ಶೋಮ್ಯಾನ್ಯುಅಲ್ ಕೊಟ್ಟರೆ ಹೆಸರು ಹೇಳಿ ಹಾಕಿದ ಪ್ಯಾಕೇಜ್‌ಗಳ ಪಟ್ಟಿ ಬರುತ್ತದೆ. ಇನ್‌ಸ್ಟಾಲರ್ ಹಾಕಿದವೂ ಅದರಲ್ಲಿ ಬೆರೆತಿರುತ್ತವೆ. ಅದನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ, ಪ್ರತಿ ಹೆಸರಿನ ಮುಂದೆ ಯಾಕೆ ಅಂತ ನಾಲ್ಕು ಪದ ಬರೆದೆ. ಕಾರಣ ಹೊಳೆಯದ ಹೆಸರುಗಳಿಗೆ ಆಪ್ಟಿಟ್ಯೂಡ್ ವೈ ಕೇಳಿದೆ, ಹಿಸ್ಟರಿ.ಲಾಗ್ ಹುಡುಕಿದೆ. ಒಂದು ಸಂಜೆಯ ಕೆಲಸ. ಹೊಸ ಮಷೀನ್ ಮಾಡುವಾಗಲೂ ಇದೇ ಫೈಲ್ ನೋಡಿಕೊಂಡು ಮಾಡುತ್ತೇನೆ.

ಹೊಸ ಡಿಸ್ಕ್ ಸೇರಿಸಿದ ದಿನವೇ ಎಂಎಸ್‌ಎಂಟಿಪಿ-ಎಂಟಿಎ ಹಾಕಿದೆ. ಎಂಡಿಎಡಿಎಂನ ಕಾನ್ಫಿಗ್ ಫೈಲಿನಲ್ಲಿ ಮೇಲ್ಆ್ಯಡರ್ ಅನ್ನುವ ಸಾಲಿನ ಮುಂದೆ ರೂಟ್ ಅಂತ ಇದ್ದದ್ದನ್ನು ತೆಗೆದು ನಾನು ದಿನಾ ನೋಡುವ ಮೇಲ್ ವಿಳಾಸ ಬರೆದೆ. ಬರೀ ಪ್ಯಾಕೇಜ್ ಇದ್ದರೆ ಸಾಲದು, ಮೇಲ್ ನಿಜವಾಗಿ ಬರುತ್ತದಾ ಅಂತ ನೋಡಲೇಬೇಕು. ಅದಕ್ಕೂ ಕಮಾಂಡ್ ಇದೆ:

ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಟೆಸ್ಟ್ --ಒನ್‌ಶಾಟ್

ಮೊದಲ ಸಲ ಬರಲಿಲ್ಲ, ಪಾಸ್‌ವರ್ಡ್ ತಪ್ಪಿತ್ತು. ಎರಡನೇ ಸಲ ಒಂದು ನಿಮಿಷದೊಳಗೆ ಫೋನಿನಲ್ಲಿ ಬಂತು. ಫೈಲಿನಲ್ಲಿ ಎಂಎಸ್‌ಎಂಟಿಪಿ-ಎಂಟಿಎ ಮುಂದೆ 'ಡಿಸ್ಕ್ ಕೆಟ್ಟರೆ ತಿಳಿಸುವುದು, ತೆಗೆಯಬೇಡ' ಅಂತ ಬರೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ ಆ ಟೆಸ್ಟ್ ಮೇಲ್ ಈಗ ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಿಂದ ತಾನಾಗಿ ಬರುತ್ತದೆ. ಬಾರದಿದ್ದರೆ ಲಾಗಿನ್ ಆಗಿ ನೋಡುತ್ತೇನೆ.